ಒಂದು ಹಾಡಿನಲ್ಲಿ ಬಿಟ್ಟ ಕುಡಿತ

ಮಾರ್ಚ್ ೧೨, ಭಾನುವಾರ

ಇಂಥ ದರಿದ್ರ ಸಿನಿಮಾ ಇನ್ನೊಂದಿಲ್ಲ. ಹೆಂಡತಿ ಸತ್ತಳೆಂದು ನಾಯಕ ಕುಡಿಯುತ್ತಾನಂತೆ, ಒಂದು ಹಾಡು ಮುಗಿಯುವುದರೊಳಗೆ ಬಿಟ್ಟೂ ಬಿಡುತ್ತಾನಂತೆ. ಗಡ್ಡ ಬೋಳಿಸಿದರೆ ಚಟ ಹೋಯಿತು! ಕತೆ ಬರೆದ ಮಹಾಶಯ ಒಂದು ದಿನವಾದರೂ ಕುಡುಕನ ವಾಂತಿ ಒರೆಸಿದ್ದಾನೆಯೇ? ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಅವನದನ್ನು ನಾನು ವರ್ಷಗಟ್ಟಲೆ ಒರೆಸಿದ್ದೇನೆ. ಆಗ ಹಿಂದೆ ನಿಂತು ಯಾರೂ ಪಿಟೀಲು ಬಾರಿಸಲಿಲ್ಲ.

ಪಕ್ಕದಲ್ಲಿ ಕೂತಿದ್ದ ತಮ್ಮನಿಗೆ, "ಏಳೋ, ಹೋಗೋಣ" ಎಂದೆ. ಏಳಲಿಲ್ಲ. ಹೆಂಡತಿ ಸತ್ತ ದಿನವೂ ಅಳದವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಹೊರಗೆ ಬಂದು ಮುಖ ತೊಳೆದುಕೊಂಡು, "ಅಕ್ಕಾ, ನಾಳೆ ಇನ್ನೊಂದ್ಸಲ ಬರೋಣ್ವಾ?" ಎಂದ.

"ಈ ಕಸಕ್ಕಾ?"

"ಒಳಗೆ ಕತ್ತಲಿರುತ್ತಲ್ಲಾ, ಅಳ್ಬೋದು."

ಒಪ್ಪಿಕೊಂಡೆ. ಹೊಲಿಗೆ ರಾಶಿ ಬಿದ್ದಿದೆ, ಬೀಳಲಿ. ಅವನು ಅತ್ತುಕೊಳ್ಳಲಿ, ನಾನು ಪಕ್ಕದಲ್ಲಿ ನಿದ್ದೆ ಮಾಡುತ್ತೇನೆ.