ಎಲ್ಲ ಕಡೆ ನಡೆಯುವ ಕಾರ್ಡು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮೇಷ್ಟ್ರಿಗೆ,

ನಿಮ್ಮ ಕಾಗದ ಸೋಮವಾರವೇ ತಲುಪಿತು. ನಾವು ಬೇರೆಯಾಗಿ ಆರು ವರ್ಷವಾದ ಮೇಲೆ ಬರೆದ ಮೊದಲ ಕಾಗದದಲ್ಲಿ ನೀವು ಕೇಳಿದ್ದು ಒಂದೇ ಪ್ರಶ್ನೆ: ಸಮುದ್ರದಾಳಕ್ಕೆ ಇಳಿಯಲು ಕಲಿತವರಿಗೆ ನೀವು ಕೊಡುವ ನಿಮ್ಮ ಸಂಸ್ಥೆಯ ಸ್ಕೂಬಾ ಕಾರ್ಡನ್ನು ನಮ್ಮ ಡೈವಿಂಗ್ ಕೇಂದ್ರದವರು ಒಪ್ಪುತ್ತಾರೋ ಇಲ್ಲವೋ, ಕಲಿಯಲು ಬರುವವರಿಗೆ ಏನು ಹೇಳಲಿ. ಹೆಂಡತಿ ಹೇಗಿದ್ದಾಳೆ ಎಂದು ಕೇಳುವ ಮೊದಲು ಕಾರ್ಡಿನ ಕ್ಷೇಮ ವಿಚಾರಿಸುವುದು ನಿಮಗೆ ಹೊಸದೇನಲ್ಲ.

ಒಪ್ಪುತ್ತೇವೆ. ಕೌಂಟರಿನಲ್ಲಿ ಕೂರುವವಳು ನಾನೇ. ಕಾರ್ಡು ಯಾವ ಸಂಸ್ಥೆಯದಾದರೂ ಕಂಪ್ಯೂಟರಿನಲ್ಲಿ ಹೆಸರು ಹುಡುಕುತ್ತೇನೆ, ಕೊನೆಯ ಸಲ ನೀರಿಗಿಳಿದದ್ದು ಯಾವಾಗ ಎಂದು ಲಾಗ್ ಪುಸ್ತಕ ತೆರೆದು ನೋಡುತ್ತೇನೆ. ತುಂಬ ದಿನವಾಗಿದ್ದರೆ, ಇಲ್ಲವೇ ಹೆಸರೇ ಕೇಳದ ಸಂಸ್ಥೆಯಾಗಿದ್ದರೆ, ಐದು ಮೀಟರಿನಲ್ಲಿ ಒಮ್ಮೆ ಜೊತೆಗೆ ಮುಳುಗಿ ಪರೀಕ್ಷಿಸುತ್ತೇವೆ. ಅಷ್ಟೇ. ನಿಮ್ಮ ಸಂಸ್ಥೆ ಮೇಲೋ ನನ್ನದು ಮೇಲೋ ಎಂದು ಬಡಿಸಿದ್ದೆಲ್ಲ ಆರಿಹೋಗುವವರೆಗೆ ಜಗಳವಾಡುತ್ತಿದ್ದೆವಲ್ಲ, ಮೊನ್ನೆ ಎರಡರ ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೊಸಬರು ಮಾಡಿ ತೋರಿಸಲೇಬೇಕಾದದ್ದರ ಪಟ್ಟಿ ಹೆಚ್ಚುಕಡಿಮೆ ಒಂದೇ. ಇಲ್ಲಿ ಸಿಲಿಂಡರಿಗೆ ಗಾಳಿ ತುಂಬುವ ಅಣ್ಣನಿಗೆ ಇದನ್ನು ಹೇಳಿದರೆ, ಮದುವೆ ಸರ್ಟಿಫಿಕೇಟ್ ಇದ್ದಂಗೆ ಕಣಮ್ಮ, ಎಲ್ಲಿ ಮಾಡಿಸಿದ್ರೂ ಎಲ್ಲಾ ಕಡೆ ನಡೆಯುತ್ತೆ, ಒಳಗೆ ಏನಿದೆ ಅಂತ ಯಾರು ನೋಡ್ತಾರೆ ಅಂದ. ನಕ್ಕೆ.

ಮಂಗಳವಾರ ನಿಮ್ಮ ಸಹಿಯಿದ್ದ ಕಾರ್ಡು ಹಿಡಿದು ಒಬ್ಬ ನರ್ಸ್ ಬಂದಳು. ಮುಳುಗಿದ ಹಡಗು ನೋಡಬೇಕಂತೆ, ಹದಿನೆಂಟು ಮೀಟರ್ ಆಳ. ಕಾರ್ಡಿಗೆ ಹದಿನೈದು ದಿನವೂ ಆಗಿರಲಿಲ್ಲ, ಪರೀಕ್ಷೆ ಬೇಕಿರಲಿಲ್ಲ. ಆದರೂ ಮೊದಲು ಐದು ಮೀಟರಿಗೆ ಕರೆದೊಯ್ದೆ. ಯಾಕೆ ಎಂದ ಅಣ್ಣನಿಗೆ ನಿಯಮ ಅಂದೆ. ಸುಳ್ಳು. ನಿಮ್ಮ ವಿದ್ಯಾರ್ಥಿನಿ ನೀರಿನಲ್ಲಿ ಹೇಗಿರುತ್ತಾಳೆ ಎಂದು ನೋಡಬೇಕಿತ್ತು. ಆರು ವರ್ಷದಿಂದ ನಿಮ್ಮನ್ನು ನೋಡಿರಲಿಲ್ಲ.

ನಿಮ್ಮ ಎಡಗಿವಿಯ ತಮಟೆ ಒಡೆದ ಮೇಲೆ ನೀವು ಹಿಂದೆ ಬರುವವರನ್ನು ಬಲಕ್ಕೇ ತಿರುಗಿ ನೋಡುತ್ತೀರಿ, ಎಡಕ್ಕೆ ಎಂದೂ ಇಲ್ಲ. ನಿಮ್ಮ ಹತ್ತಿರ ಕಲಿತವರೆಲ್ಲ ತಮಗೇ ಗೊತ್ತಿಲ್ಲದೆ ಹಾಗೇ ತಿರುಗುತ್ತಾರೆ. ಕಿವಿ ನೆಟ್ಟಗಿರುವ ನಾನೂ. ಈ ಹುಡುಗಿ ಎಡಕ್ಕೆ ತಿರುಗಿದಳು. ಮತ್ತೊಮ್ಮೆ ಎಡಕ್ಕೇ. ನೀವು ಇವಳ ಜೊತೆ ನೀರಿಗಿಳಿದೇ ಇಲ್ಲ ಎಂದು ಆಗಲೇ ಗೊತ್ತಾಯಿತು, ಗೊತ್ತಾಗಲಿಲ್ಲವೆಂಬಂತೆ ಮುಂದುವರಿಸಿದೆ. ತಳದಲ್ಲಿ ಮಂಡಿಯೂರಿ, ಮಾಸ್ಕ್ ತೆಗೆದು ಮತ್ತೆ ಹಾಕು ಎಂದು ಸನ್ನೆ ಮಾಡಿದೆ. ತೆಗೆದಳು. ಮೂಗಿಗೆ ನೀರು ಹೋಯಿತು. ಬಾಯಿಂದ ಉಸಿರಿನ ಕೊಳವೆಯನ್ನು ಕಿತ್ತೊಗೆದು ಮೇಲಕ್ಕೆ ಚಿಮ್ಮಿದಳು. ಸಿಲಿಂಡರಿನ ಪಟ್ಟಿ ಹಿಡಿದು ತಡೆದು, ಕೊಳವೆಯನ್ನು ಬಾಯಿಗೆ ತುರುಕಿ, ನಿಧಾನವಾಗಿ ಮೇಲೆ ತಂದೆ. ಹಡಗಿನ ಹತ್ತಿರ ಹೀಗಾಗಿದ್ದರೆ ಮೇಲೆ ತರುತ್ತಿದ್ದದ್ದು ಅವಳನ್ನಲ್ಲ.

ದೋಣಿಯ ಅಂಚು ಹಿಡಿದು ಕೆಮ್ಮುತ್ತ ನಿಮ್ಮನ್ನೇ ಹೊಗಳಿದಳು. ಸರ್ ತುಂಬ ಒಳ್ಳೇವ್ರು ಮೇಡಂ, ದಡದಲ್ಲಿ ಕುರ್ಚಿ ಹಾಕ್ಕೊಂಡು ಕೂತು ನೋಡ್ತಿದ್ರು, ನಂಗೆ ಭಯ ಆದಾಗ ಇದೊಂದು ಬಿಡು, ಆಮೇಲೆ ಬರುತ್ತೆ ಅಂದ್ರು. ಹಾಗಾದರೆ ನೀರಿನಲ್ಲಿ ಯಾರಿದ್ದರು ಎಂದೆ. ಇನ್ನೊಬ್ರು ಸರ್. ಅವರೂ ಇನ್ನೂ ಕಲೀತಾ ಇದ್ದಾರಂತೆ.

ಬಲಗಿವಿಯೂ ಹೋಗಿ ನೀರಿಗಿಳಿಯಲಾಗುತ್ತಿಲ್ಲವೇ? ಹೇಳಬಹುದಿತ್ತು. ಹೇಳಿದ್ದರೆ ನಾನು ಬರುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಇಂಥ ಕಾರ್ಡುಗಳು ಎಷ್ಟಿವೆಯೋ ನಿಮಗೇ ಗೊತ್ತು. ಅವರು ಎಲ್ಲಿಗೆ ಹೋದರೂ ಕೌಂಟರಿನಲ್ಲಿ ನನ್ನಂಥವಳೊಬ್ಬಳು ಸಹಿ ನೋಡಿ, ತಲೆಯಾಡಿಸಿ, ಸಿಲಿಂಡರ್ ಕೊಡುತ್ತಾಳೆ. ನಿಮ್ಮ ಪ್ರಶ್ನೆಗೆ ಉತ್ತರ ಇದೇ, ನನ್ನ ನಿದ್ದೆ ಕೆಟ್ಟಿರುವುದೂ ಇದಕ್ಕೇ. ನಿಮ್ಮ ಸಂಸ್ಥೆಗೆ ದೂರಿನ ಅರ್ಜಿ ತುಂಬಿದ್ದೇನೆ. ಈ ಕಾಗದದ ಜೊತೆಗೇ ಅದೂ ಅಂಚೆಗೆ ಹೋಗುತ್ತದೆ. ಕಲಿಸುವ ಪರವಾನಗಿ ಹೋಗಬಹುದು. ಅದಿಲ್ಲದೆ ಬೆಳಗಾದರೆ ನೀವೇನು ಮಾಡುತ್ತೀರಿ ಎಂದು ಯೋಚಿಸಿದೆ.

ನರ್ಸ್ ದಿನಾ ಬೆಳಿಗ್ಗೆ ಬರುತ್ತಿದ್ದಾಳೆ. ನಿನ್ನೆ ನಾಲ್ಕನೆಯ ಪ್ರಯತ್ನಕ್ಕೆ ಮಾಸ್ಕ್ ತೆಗೆದು, ಹಾಕಿ, ಮೂಗಿನಿಂದ ಊದಿ ನೀರೆಲ್ಲ ಹೊರಹಾಕಿದಳು. ವಾಪಸು ಬರುವಾಗ ಮುಂದೆ ಈಜುತ್ತಿದ್ದವಳು ನಾನಿದ್ದೇನೆಯೇ ಎಂದು ತಿರುಗಿ ನೋಡಿದಳು. ಬಲಕ್ಕೆ.

ನಿಮ್ಮ ಮೊದಲ ವಿದ್ಯಾರ್ಥಿನಿ

ಮತ್ತೆ: ಅರ್ಜಿಯಲ್ಲಿ ದೂರು ಕೊಡುವವರಿಗೆ ಒಂದು ಕಾಲಂ ಇದೆ: ಅಭ್ಯಾಸ ಪೂರೈಸದವರಿಗೂ ಈ ಶಿಕ್ಷಕರು ಸಹಿ ಹಾಕುತ್ತಾರೆಂಬುದು ನಿಮಗೆ ಎಂದಿನಿಂದ ಗೊತ್ತು? ಮೊದಲು ಮಂಗಳವಾರದ ತಾರೀಖು ಬರೆದಿದ್ದೆ. ಹೊಡೆದುಹಾಕಿ ಇಪ್ಪತ್ತೆರಡು ವರ್ಷದ ಹಿಂದಿನದೊಂದು ತಾರೀಖು ಬರೆದೆ, ನನ್ನ ಮೊದಲ ಕಾರ್ಡಿನ ಮೇಲಿರುವುದು. ಮಾಸ್ಕ್ ತೆಗೆಯಲಾರದೆ ನಾನು ಅತ್ತ ದಿನ ನೀವು ಅಂದದ್ದೂ ಅದೇ, ಆಮೇಲೆ ಬರುತ್ತೆ ಬಿಡು. ಅದನ್ನು ಪ್ರೀತಿ ಅಂದುಕೊಂಡೆ. ಮನೆಯಲ್ಲಿ ಯಾರೂ ಇಲ್ಲದಾಗ ಬಚ್ಚಲಿನ ಬಕೆಟ್ಟಿನಲ್ಲಿ ಮುಖ ಅದ್ದಿ ಅದ್ದಿ ಕಲಿತೆ, ನಿಮಗೆ ಹೇಳಲಿಲ್ಲ. ಆ ಕಾರ್ಡು ತೋರಿಸಿಯೇ ಮುಂದಿನ ಕಾರ್ಡುಗಳನ್ನೆಲ್ಲ ಪಡೆದೆ, ಈ ಕೌಂಟರನ್ನೂ. ಅದರ ನಂಬರನ್ನೂ ಅರ್ಜಿಯಲ್ಲಿ ಬರೆದಿದ್ದೇನೆ.