ಹಸಿರು ಬಳಿದ ಓಣಿ

ಬೆಣ್ಣಿಹಳ್ಳ ಪಟ್ಟಣ, ೩೦ ಫೆಬ್ರುವರಿ ೨೨೧೪

ನಮಗಿಂತ ಮೊದಲು ಬಾಳಿದವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಅವಸರದಲ್ಲಿ ಬರೆಯುತ್ತಿದ್ದೇನೆ, ತಿದ್ದುವ ವ್ಯವಧಾನವಿಲ್ಲ.

ನಾನು ನೀಲಾಂಬಿಕೆ, ಆಯುಪಟ ಬರೆಯುವವಳು. ಯಾವ ಓಣಿಯ ಜನ ಎಷ್ಟು ವರ್ಷ ಬದುಕುತ್ತಾರೆಂದು ತೋರಿಸುವ ನಕ್ಷೆಗೆ ನಾವು ಹಾಗನ್ನುತ್ತೇವೆ. ಹೆಚ್ಚು ಬಾಳುವ ಓಣಿಗೆ ಹಸಿರು, ಬೇಗ ಸಾಯುವ ಓಣಿಗೆ ಕೆಂಪು. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಕೋಶದೋಣಿ ನನ್ನ ಪಟದಲ್ಲಿ ಹನ್ನೊಂದು ವರ್ಷಗಳಿಂದ ಹಸಿರು. ಬೇರೆಲ್ಲೂ ಬಾಡಿಗೆಗೆ ಮನೆ ಸಿಗದ ಜಾತಿಗಳವರೇ ಅಲ್ಲಿ ಸೇರಿದ್ದಾರೆ. ತೊಟ್ಟಿಲು ಕಟ್ಟಿದ ಕೋಣೆಯಲ್ಲೇ ಹೆಂಗಸರು ಬ್ಯಾಟರಿ ಒಡೆಯುತ್ತಾರೆ, ಅದೇ ಕೈಯಲ್ಲಿ ರೊಟ್ಟಿ ತಟ್ಟುತ್ತಾರೆ. ಆದರೂ ಹಸಿರು! ನನಗೂ ಸೋಜಿಗವಾಗುತ್ತಿತ್ತು, ಆದರೆ ಅಂಕಿಗಳ ಮೇಲೆ ನನಗೆ ಎಲ್ಲಿಲ್ಲದ ನಂಬಿಕೆ. ಮಗಳು ಮಿಂಚವ್ವ ಆ ಓಣಿಯ ಹುಡುಗನನ್ನು ಮೆಚ್ಚಿದಾಗ ಪಟ ನೋಡಿಯೇ ಧೈರ್ಯ ತಂದುಕೊಂಡು ಮದುವೆ ಮಾಡಿದೆ.

ಹೋದ ವಾರ ಅವಳನ್ನು ತಂದು ತವರಲ್ಲಿ ಬಿಟ್ಟರು. ಒಸಡಿನ ಮೇಲೆ ನೀಲಿ ಗೆರೆ, ಲೋಟ ಎತ್ತಲಾಗದೆ ಜೋತುಬಿದ್ದ ಮಣಿಕಟ್ಟು, ಎರಡೂ ಸೀಸದ ನಂಜಿನ ಗುರುತು. ಅಲ್ಲಿ ಯಾರಿಗೂ ಹೀಗಾಗಿಲ್ಲವಲ್ಲ ಎಂದೆ.

"ಎಲ್ಲಾರಿಗೂ ಆಗತೈತಿಬೇ. ಹಾಸಿಗಿ ಹಿಡದ್ರ ಸೊಸೀನ ತವರಿಗೆ, ಗಂಡಸೂರ್ನ ಸೋದರಮಾವನ ಮನಿಗೆ ಕಳಸ್ತಾರ. ಮನಿಯಾಗ ಸತ್ರ ಸೂತಕ, ಒಡಿಯೂ ಕೆಲಸ ನಿಲ್ಲಸ್ಬೇಕಲ್ಲ," ಎಂದಳು.

ನಾವು ಸಾವನ್ನು ಬರೆಯುವುದು ಸತ್ತ ಜಾಗದ ಲೆಕ್ಕಕ್ಕೆ. ಆ ಓಣಿಯಿಂದ ಯಾರನ್ನು ಕಳಿಸಿದರೆಂದು ಹನ್ನೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ನಾಡಿದ್ದು ನನ್ನ ಪಟವನ್ನೇ ನಂಬಿ ಇನ್ನೂರು ಕುಟುಂಬಗಳನ್ನು ಅಲ್ಲಿಗೆ ಸೇರಿಸುತ್ತಾರೆ. ಮೇಲಧಿಕಾರಿಯ ಕಾಲು ಹಿಡಿದೆ. "ಓಣಿಯೊಳಗ ಸತ್ತವರದು ಒಂದಾದ್ರೂ ಹೆಸರು ತೋರಸ್ರಿ, ತಡೀತೀನಿ," ಎಂದರು. ಕಡತ ಪೂರ್ತಿ ತಿರುವಿ ಹಾಕಿದೆ. ಒಂದೂ ಇಲ್ಲ.

ಭಯವಾಗುತ್ತಿದೆ. ನಿಮ್ಮಲ್ಲೂ ಇಂಥ ಲೆಕ್ಕವಿದ್ದರೆ ಈಗಲೇ ಮುರಿಯಿರಿ. ಸತ್ತವರು ಎಲ್ಲಿ ಸತ್ತರೆಂದು ಬರೆದು ಸುಮ್ಮನಾಗಬೇಡಿ, ಎಲ್ಲಿ ದುಡಿದರೆಂದು ಕೇಳಿ. ಇಷ್ಟೇ ನನ್ನ ಬೇಡಿಕೆ. ಇನ್ನು ಬರೆಯಲಾರೆ. ಅಧಿಕಾರಿಯ ಮಾತನ್ನು ಬಾಯಿತಪ್ಪಿ ಮಿಂಚವ್ವನ ಮುಂದೆ ಆಡಿಬಿಟ್ಟೆ. ಅವಳೀಗ ಗೋಡೆ ಹಿಡಿದು ಎದ್ದು ಬಂದು ಹೊಸ್ತಿಲಲ್ಲಿ ಕೂತಿದ್ದಾಳೆ. ಗಂಡನ ಮನೆಗೆ ಬಿಟ್ಟು ಬಾ ಅನ್ನುತ್ತಿದ್ದಾಳೆ.