ಬೆಟ್ಟದ ಅಳತೆಗೊಂದು ಕೆಂಪು ಸೀರೆ

ಆಲೂರು
20-1-2002

ಪ್ರೀತಿಯ ಮರಿಯಮ್,

ನಿನ್ನ ಪಾರ್ಸೆಲ್ ಸಂಕ್ರಾಂತಿಗೆ ಮೊದಲೇ ಬಂತು. ಬಣ್ಣದ ಪೆಟ್ಟಿಗೆ, ಕುಂಚ, ದಪ್ಪ ಹಾಳೆಯ ಹೊಸ ಪುಸ್ತಕ, ಯಾವುದೂ ಮುಕ್ಕಾಗಿಲ್ಲ. ಇವತ್ತು ಬರೆಯೋಣ ನಾಳೆ ಬರೆಯೋಣ ಅಂತ ತಡವಾಯಿತು, ಬೈಯಬೇಡ. ಎಳ್ಳುಬೆಲ್ಲವನ್ನು ಜಾವೀದನ ಕೈಯಲ್ಲಿ ಕಳಿಸಿದ್ದೇನೆ. ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ನಿನ್ನ ತಮ್ಮ ಅರ್ಧ ಖಾಲಿ ಮಾಡಿದ್ದರೆ ನನ್ನನ್ನು ಕೇಳಬೇಡ.

ನಿನ್ನ ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ, "ಮೇಷ್ಟ್ರು ನಿನ್ನನ್ನು ಗುರುತು ಹಿಡೀತಾರೇನೇ?" ಅಂತ. ಇವರಿಗೆ ಮರೆವು ಶುರುವಾಗಿ ಎರಡು ವರ್ಷವಾಯಿತು. ಅನ್ನ ಬಡಿಸಿದರೆ "ಸಾಕು ತಾಯಿ" ಅನ್ನುತ್ತಾರೆ. ಆ ತಾಯಿ ಹೆಂಡತಿಯೋ, ಅಡುಗೆಗೆ ಬಂದವಳೋ ಅಂತ ಕೇಳುವ ಧೈರ್ಯ ನನಗಿರಲಿಲ್ಲ. "ಹಳೇ ಜಾಗಕ್ಕೆ ಕರ್ಕಂಡು ಹೋಗೇ, ಕೈಗೆ ಬಣ್ಣ ಕೊಡು, ಎಲ್ಲಾ ನೆನಪಾಗ್ತೈತೆ" ಅಂತ ನೀನು ಫೋನಿನಲ್ಲಿ ಹೇಳಿದ್ದನ್ನೇ ನಂಬಿಕೊಂಡು ಮೊನ್ನೆ ಇವರನ್ನು ಕರೆದುಕೊಂಡು ಹೊರಟೆ.

ಹಿಂದಿನ ದಿನ ಅವರು ಪ್ರವಾಸದಲ್ಲಿ ಚಿತ್ರ ಬರೆದ ಹಳೆಯ ಪುಸ್ತಕಗಳನ್ನೆಲ್ಲ ಅಟ್ಟದಿಂದ ಕೆಳಗಿಳಿಸಿದೆ. ಸ್ಕೂಲಿಗೆ ರಜೆ ಸಿಕ್ಕಿದರೆ ಸಾಕು, ಡ್ರಾಯಿಂಗ್ ಮೇಷ್ಟ್ರು ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದರಲ್ಲ. ದೋಣಿಗಲ್ಲಿನ ತಿರುವು, ಪಾಳ್ಯದ ಗದ್ದೆ, ಹೆತ್ತೂರಿನ ಆಚೆಯ ಬೆಟ್ಟಸಾಲು. ಚಿತ್ರದ ಕೆಳಗೆ ಊರು, ತಾರೀಕು, ಅವತ್ತು ತಿಂದದ್ದು. "ಕಡುಬು, ಕಾಯಿಚಟ್ನಿ. ಬಸ್ಸು ಕೆಟ್ಟಿತು. ಚೆಲುವಿಗೆ ಸಿಟ್ಟು." ಸಿಟ್ಟು ಬರದೆ ಇನ್ನೇನು, ಆ ಬಿಸಿಲಲ್ಲಿ ನಿಂತವಳು ನಾನು ತಾನೆ!

ಒಂದು ಹಾಳೆಯಲ್ಲೂ ನಾನು ತಪ್ಪಿಲ್ಲ. ಮೂಲೆಯಲ್ಲೆಲ್ಲೋ ಜೋಳದ ಕಾಳಿನಷ್ಟು, ಕೊಡೆ ಹಿಡಿದುಕೊಂಡು. "ಪಕ್ಕದಾಗೆ ಮನುಷ್ಯ ಇಲ್ದಿದ್ರೆ ಬೆಟ್ಟ ಎಷ್ಟೆತ್ರ ಅಂತ ನೋಡ್ದೋರಿಗೆ ಹೆಂಗ್ ಗೊತ್ತಾಗ್ಬೇಕು?" ಅನ್ನುತ್ತಿದ್ದರು. ಬೆಟ್ಟದ ಹಸಿರಲ್ಲಿ ಕಳೆದುಹೋಗಬಾರದು ಅಂತ ಪ್ರತಿ ಸಲವೂ ಕೆಂಪು ಸೀರೆಯೇ ಆಗಬೇಕಿತ್ತು. "ಹೆಂಡ್ತೀನ ಅಳತೆಗೋಲು ಮಾಡ್ಕಂಡವ್ರಲ್ಲೇ!" ಅಂತ ನೀನು ಎಷ್ಟು ನಕ್ಕಿದ್ದೀಯ.

ಮೊನ್ನೆಯೂ ಅದೇ ಕೆಂಪು ಸೀರೆ ಉಟ್ಟೆ. ಸೀರೆ ಒಪ್ಪಿತು, ರವಿಕೆ ಒಪ್ಪಲಿಲ್ಲ. ಬೇರೆ ರವಿಕೆ ಹಾಕಿಕೊಂಡೆ.

ಜಾವೀದ ಬೆಳಿಗ್ಗೆಯೇ ಜೀಪು ತಂದ. ಎಸ್ಟೇಟುಗಳ ಕಣದಲ್ಲಿ ಕಾಫಿ ಒಣಗುತ್ತಿತ್ತು. ದಾರಿಯುದ್ದಕ್ಕೂ ಮೇಷ್ಟ್ರು ಹಳೆಯ ಪುಸ್ತಕ ತಿರುವುತ್ತ, ಊರುಗಳ ಹೆಸರನ್ನು ತಾವಾಗಿಯೇ ಹೇಳುತ್ತ ಬಂದರು. ಹೆತ್ತೂರು ದಾಟಿ ಬೆಟ್ಟಸಾಲು ಕಾಣುತ್ತಲೇ "ನಿಲ್ಸಯ್ಯ, ಇಲ್ಲೇ!" ಅಂದರು. ಅದೇ ಜಾಗ, ಅದೇ ಬಂಡೆ. ನೀನು ಕಳಿಸಿದ ಬಣ್ಣ, ಕುಂಚ ಅವರ ಕೈಗೆ ಕೊಟ್ಟೆ.

ಕೈ ಏನನ್ನೂ ಮರೆತಿಲ್ಲ ಕಣೇ. ಹಾಳೆಗೆ ಮೊದಲು ನೀರು ಬಳಿದರು. ಆಕಾಶದ ನೀಲಿಯನ್ನು ಹರಿಯಬಿಟ್ಟರು. ಅದು ಒಣಗುವ ತನಕ ಬೆಟ್ಟ ಮುಟ್ಟಲಿಲ್ಲ. ಮಂಜಿಗೆ ಬಿಳಿ ಬಳಿಯಬಾರದಾ ಅಂತ ಕೇಳಿದ ಜಾವೀದನಿಗೆ ಪಾಠವೇ ಆಯಿತು. "ಬಿಳೀನ ಬಳಿಯೋದಲ್ಲ ಕಣಯ್ಯ, ಹಾಳೇಲಿರೋದನ್ನ ಉಳಿಸ್ಕಬೇಕು." ಅವನು ಕುಣಿದಾಡಿಬಿಟ್ಟ. "ಚೆಲುವಕ್ಕಾ, ಮೇಷ್ಟ್ರು ವಾಪಸ್ ಬಂದ್ಬುಟ್ರು ಕಣಕ್ಕ!" ಅಂದ. ನಿನಗೂ ಹಾಗೇ ಹೇಳಿರುತ್ತಾನೆ. ಅವನು ಕಂಡದ್ದು ಸುಳ್ಳಲ್ಲ.

ಮನೆಗೆ ಬಂದು ಸಾರು ಬಿಸಿ ಮಾಡಿ ಬಡಿಸಿದೆ. ಚೆನ್ನಾಗಿ ಉಂಡರು. ಸೀರೆ ಒಗೆದು ಹಾಕಿದ್ದೇನೆ, ಇನ್ನೂ ತಂತಿಯ ಮೇಲೇ ಇದೆ. ಮಡಿಚಿಡಬೇಕು, ಏಳಲು ಮನಸ್ಸಿಲ್ಲ.

ನಿನ್ನ ಮಂಡಿನೋವಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ, ನಿನ್ನನ್ನು ಹೆಸರು ಹಿಡಿದು ಕರೆಯುವವರು ಮನೆತುಂಬ ಇರಲಿ.

ನಿನ್ನ
ಚೆಲುವಮ್ಮ

ಮರೆತ ಮಾತು: ಮರೆತಿದ್ದೆ ಅಂದರೆ ಸುಳ್ಳು. ನಿನ್ನ ಪ್ರಶ್ನೆಗೆ ಉತ್ತರ ಬರೆಯದೆ ಕಾಗದ ಅಂಟಿಸಲು ಆಗಲಿಲ್ಲ. ಜಾವೀದ ಜೀಪಿಗೆ ನೀರು ತರಲು ಹೋಗಿದ್ದಾಗ ನಾನು ಎಂದಿನಂತೆ ಬಂಡೆಯ ಪಕ್ಕ ಹೋಗಿ, ಕೊಡೆ ಬಿಚ್ಚಿ ನಿಂತೆ. ಮೇಷ್ಟ್ರು ತಲೆಯೆತ್ತಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, "ತಾಯೀ, ಒಸಿ ಅತ್ಲಾಗೆ ಸರ್ಕೊಳ್ತೀರಾ? ಬೆಟ್ಟ ಬರೀತಾ ಇದೀನಿ, ನೀವು ಅಡ್ಡ ಬತ್ತೀರಿ" ಅಂದರು.

ಸರಿದು ನಿಂತೆ. ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಚಿತ್ರ ತುಂಬ ಚೆನ್ನಾಗಿ ಬಂದಿದೆ ಮರಿಯಮ್. ಬೆಟ್ಟ ಎಷ್ಟೆತ್ತರ ಅಂತ ಮಾತ್ರ ಗೊತ್ತಾಗುವುದಿಲ್ಲ.